ಫುರ್ಕಾ ಪಾಸ್‌ಗೆ ಅಪ್ಪ ಅಮ್ಮನ್ನ ಕರ್ಕೊಂಡು ನಾನೇ ಕಾರ್ ಓಡಿಸ್ಬೋದಾ?

ಕೊಪ್ಪದ_ಹುಡುಗಿ:

ಎಲ್ರಿಗೂ ನಮಸ್ಕಾರ. ನಾನಿರೋದು ಜರ್ಮನಿ ಸ್ಟುಟ್‌ಗಾರ್ಟ್‌ನಲ್ಲಿ, ಊರು ಚಿಕ್ಕಮಗಳೂರು ಜಿಲ್ಲೆ ಕೊಪ್ಪ. ಜುಲೈ ಮೊದಲ್ನೇ ವಾರ ಅಪ್ಪ ಅಮ್ಮ ತಮ್ಮ ಮೂರೂ ಜನ ಬರ್ತಿದಾರೆ. ಅಪ್ಪ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡ್ತಿದ್ರು, ಹಿಮನದಿ ಚಿತ್ರಾನ ಬೋರ್ಡ್ ಮೇಲೆ ಎಷ್ಟು ಸಲ ಬರ್ದಿದಾರೋ ಲೆಕ್ಕ ಇಲ್ಲ, ಒಂದನ್ನೂ ಕಣ್ಣಾರೆ ನೋಡಿಲ್ಲ. ಸ್ವಿಟ್ಜರ್ಲೆಂಡ್‌ನ ಫುರ್ಕಾ ಪಾಸ್ ಅಂದ್ರೆ ಬೆಟ್ಟ ದಾಟೋ ಘಾಟಿ, ಆ ರಸ್ತೆ ಪಕ್ಕದಲ್ಲೇ ರೋನ್ ಹಿಮನದಿ ಇದೆ, ರೋನ್ ನದಿ ಹುಟ್ಟೋದೇ ಅಲ್ಲಿ, ಅದನ್ನ ಅಪ್ಪಂಗೆ ತೋರಿಸ್ಲೇಬೇಕು ಅಂತ ನನ್ನ ಆಸೆ. ಅವ್ರಿಗೆ ಮಂಡಿನೋವು, ಜಾಸ್ತಿ ದೂರ ನಡ್ಯಕ್ಕಾಗಲ್ಲ, ಅದಕ್ಕೇ ಕಾರಲ್ಲೇ ಹತ್ರ ಹೋಗೋ ಜಾಗ ಹುಡುಕಿದ್ದು.

ಈಗ ನನ್ನ ಭಯ ಹೇಳ್ತೀನಿ. ನಂಗೆ ಜರ್ಮನ್ ಲೈಸೆನ್ಸ್ ಬಂದು ಒಂದು ವರ್ಷ ಆಯ್ತು, ಆಟೋಬಾನ್ ಅಂದ್ರೆ ಇಲ್ಲಿನ ಹೈವೇ ಮೇಲೆ ಆರಾಮಾಗಿ ಓಡಿಸ್ತೀನಿ, ಆದ್ರೆ ಬೆಟ್ಟದ ರಸ್ತೇಲಿ ಒಂದ್ಸಲನೂ ಸ್ಟೇರಿಂಗ್ ಹಿಡಿದಿಲ್ಲ. ಫುರ್ಕಾ ವೀಡಿಯೋ ನೋಡಿದ್ರೆ ಕೆಲವು ಕಡೆ ರಸ್ತೆ ಅಂಚಿಗೆ ತಡೆಗೋಡೆನೇ ಇಲ್ಲ, ಸಾಲಾಗಿ ಗಿಡ್ಡ ಕಲ್ಲು ನಿಲ್ಸಿದಾರೆ ಅಷ್ಟೇ, ಆಚೆ ಕಡೆ ಪ್ರಪಾತ. ಇನ್ನೊಂದು, ಅಮ್ಮಂಗೆ ಘಾಟಿ ಆಗಲ್ಲ. ಚಿಕ್ಕೋರಿದ್ದಾಗ ಆಗುಂಬೆ ಇಳ್ದು ಉಡುಪಿಗೆ ಹೋಗ್ಬೇಕಾದ್ರೆ ಅಮ್ಮ ಕೈಲಿ ನಿಂಬೆಹಣ್ಣು ಹಿಡ್ಕೊಂಡು ಮೂಸ್ತಾ ಕಣ್ಣು ಮುಚ್ಕೊಂಡೇ ಕೂತಿರೋರು, ಸೋಮೇಶ್ವರ ಬಂತು ಅಂದ್ಮೇಲೇ ಕಣ್ಣು ಬಿಡೋದು. ಬಾಡಿಗೆ ಕಾರು, ಆಟೋಮ್ಯಾಟಿಕ್. ಹೋಗಿ ಬಂದವ್ರು ದಯವಿಟ್ಟು ಹೇಳಿ, ನಾನು ಓಡಿಸ್ಬೋದಾ, ಇಲ್ಲಾ ಆಸೆ ಬಿಟ್ಬಿಡ್ಬೇಕಾ? ತಮ್ಮನೂ ಓಡಿಸ್ತಾನೆ, ಅವನ ಹತ್ರ ಇರೋದು ಊರಿನ ಲೈಸೆನ್ಸ್.

ಬಾಸೆಲ್_ಹಾಸನ:

ಖಂಡಿತ ಓಡಿಸ್ಬೋದು ಮೇಡಂ. ನಾನು ಇಲ್ಲಿಗೆ ಬಂದು 9 ವರ್ಷ ಆಯ್ತು, ಫುರ್ಕಾ ಐದಾರು ಸಲ ಹತ್ತಿದೀನಿ. ಬೇರೆಲ್ಲಕ್ಕಿಂತ ಮುಖ್ಯ ಯಾವ ಕಡೆಯಿಂದ ಹತ್ತೋದು ಅನ್ನೋದು, ಇದನ್ನ ಯಾರೂ ಹೇಳಲ್ಲ. ರಿಯಾಲ್ಪ್ ಕಡೆಯಿಂದ, ಅಂದ್ರೆ ಆಂಡರ್ಮಾಟ್ ಮೇಲೆ ಬಂದು ಪಶ್ಚಿಮಕ್ಕೆ ಹತ್ತಿ. ಆ ಭಾಗದಲ್ಲಿ ಬೆಟ್ಟ ರಸ್ತೆಯ ಉತ್ತರಕ್ಕಿದೆ, ಕಣಿವೆ ದಕ್ಷಿಣಕ್ಕೆ. ಇಲ್ಲಿ ಬಲಗಡೆ ಓಡ್ಸೋದಲ್ವಾ, ಹಂಗಾಗಿ ಹತ್ತುವಾಗ ನಿಮ್ಮ ಕಾರು ಹೆಚ್ಚುಕಮ್ಮಿ ಪೂರ್ತಿ ಬೆಟ್ಟದ ಗೋಡೆ ಪಕ್ಕಾನೇ ಇರುತ್ತೆ, ನೀವು ಹೇಳಿದ ಆ ಗಿಡ್ಡ ಕಲ್ಲಿನ ಸಾಲು ಎದುರಿಂದ ಬರೋರ ಕಡೆ ಇರುತ್ತೆ. ಅದೇ ಉಲ್ಟಾ ಬಂದ್ರೆ ಇಳೀತಾ ಅಂಚಿನ ಮೇಲೇ ಬರ್ಬೇಕು, ರಸ್ತೆ ಕೂಡ ಆ ಕಡೇನೇ ಕಿರಿದು, ಮಧ್ಯದ ಬಿಳಿ ಗೆರೆನೂ ಇಲ್ಲದ ಜಾಗ ಇದೆ. ಮೊದಲ್ನೇ ಸಲಕ್ಕೆ ಅದು ಬೇಡ.

ರೂಟ್ ಹೀಗೆ ಇಟ್ಕೊಳ್ಳಿ. ಹಿಂದಿನ ರಾತ್ರಿ ಲುಟ್ಸರ್ನ್‌ನಲ್ಲಿ ಉಳ್ಕೊಳ್ಳಿ, ಬೆಳಿಗ್ಗೆ 7ಕ್ಕೆ ಬಿಡಿ, ಎ2 ಹೈವೇಲಿ ಬಂದು ಗೊಟ್ಥಾರ್ಡ್ ಸುರಂಗಕ್ಕೆ ಮುಂಚೆ ಗೋಶೆನೆನ್‌ನಲ್ಲಿ ಹೊರಗೆ ಬನ್ನಿ, ಆಂಡರ್ಮಾಟ್, ರಿಯಾಲ್ಪ್, ಫುರ್ಕಾ, ಕೆಳಗೆ ಗ್ಲೆಚ್. ಗ್ಲೆಚ್‌ನಲ್ಲಿ ಬಲಕ್ಕೆ ತಿರುಗಿದ್ರೆ ಗ್ರಿಮ್ಸೆಲ್ ಪಾಸ್ ಹತ್ತುತ್ತೆ, ಅದು 2164 ಮೀಟರ್, ರಸ್ತೆ ಅಗಲ, ಚೆನ್ನಾಗಿದೆ. ಆಚೆ ಇನ್ನರ್ಟ್‌ಕಿರ್ಚೆನ್‌ಗೆ ಇಳ್ದು ಮೈರಿಂಗೆನ್, ಬ್ರ್ಯೂನಿಗ್ ಪಾಸ್ ಮೇಲೆ ವಾಪಸ್ ಲುಟ್ಸರ್ನ್. ಬ್ರ್ಯೂನಿಗ್ ಬರೀ 1008 ಮೀಟರ್, ಸುಸ್ತಾದ ಹೊತ್ತಲ್ಲಿ ಹಗುರ. ಬಹಳ ಜನ ಸುಸ್ಟೆನ್ ಪಾಸ್ ಕೂಡ ಸೇರ್ಸಿ ಒಂದೇ ದಿನ ಮೂರು ಪಾಸ್ ಮಾಡ್ತಾರೆ, ಸುಮಾರು 120 ಕಿಮೀ ಸುತ್ತು. ರಸ್ತೆ ಬಹಳ ಸುಂದರ, ಆದ್ರೆ ಘಾಟಿ ಆಗದವ್ರನ್ನ ಕೂರಿಸ್ಕೊಂಡು ಮಾಡ್ಬೇಡಿ.

ಫುರ್ಕಾ ಎತ್ತರ 2429 ಮೀಟರ್, ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಸುಮಾರು 500 ಮೀಟರ್ ಮೇಲೆ ಕಾರು ಇರುತ್ತೆ. ಲುಟ್ಸರ್ನ್‌ನಲ್ಲಿ ಸೆಕೆ ಇದ್ರೂ ಮೇಲೆ ಸ್ವೆಟರ್ ಬೇಕು, ಜುಲೈನಲ್ಲೂ. ಹೋಗೋ ದಿನ ಪಾಸ್ ತೆಗೆದಿದೆಯಾ ಅಂತ ಟಿಸಿಎಸ್ (ಇಲ್ಲಿನ ಕಾರು ಓಡ್ಸೋರ ಸಂಘ) ಸೈಟಲ್ಲಿ ನೋಡ್ಕೊಳ್ಳಿ. ಚಳಿಗಾಲ ಪೂರ್ತಿ ಮುಚ್ಚಿರುತ್ತೆ, ಸಾಮಾನ್ಯವಾಗಿ ಮೇ ಕೊನೆ ಜೂನ್ ಹೊತ್ತಿಗೆ ತೆಗೀತಾರೆ. ಈ ಪಾಸ್‌ಗಳಿಗೆ ಟೋಲ್ ಇಲ್ಲ, ಆದ್ರೆ ಹೈವೇಗೆ ವಿಗ್ನೆಟ್ ಅನ್ನೋ ಟೋಲ್ ಸ್ಟಿಕ್ಕರ್ ಬೇಕು, ವರ್ಷಕ್ಕೆ 40 ಫ್ರಾಂಕ್, ಜರ್ಮನಿಯ ಬಾಡಿಗೆ ಕಾರಲ್ಲಿ ಇರಲ್ಲ ಅಂದ್ಕೊಂಡೇ ಹೊರಡಿ, ಆನ್‌ಲೈನಲ್ಲೂ ತಗೋಬೋದು. ಕಾರನ್ನ ಸ್ವಿಟ್ಜರ್ಲೆಂಡ್‌ಗೆ ಒಯ್ಯಕ್ಕೆ ಒಪ್ಪಿಗೆ ಇದೆಯಾ ಅಂತ ಬುಕ್ ಮಾಡುವಾಗ್ಲೇ ಕೇಳಿ. ತಮ್ಮಂಗೆ ಊರಲ್ಲೇ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಂಡು ಬರಕ್ಕೆ ಹೇಳಿ, ಬಾಡಿಗೆ ಕಾರಿನವ್ರು ಕೇಳೋದುಂಟು, ಎರಡನೇ ಡ್ರೈವರ್ ಅಂತ ಹೆಸರೂ ಹಾಕಿಸ್ಬೇಕು.

ಮ್ಯೂನಿಕ್_ಮಂಡ್ಯ:

ನನ್ನ ಕೇಳಿದ್ರೆ ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆಗೆ ಕರ್ಕೊಂಡೋಗಿ. 1935ರಲ್ಲಿ ತೆಗೆದಿದ್ದು, 48 ಕಿಮೀ, 36 ಹೇರ್‌ಪಿನ್, ರಸ್ತೆ ಅಗಲ, ಪ್ರವಾಸಿಗಳಿಗೆ ಅಂತ್ಲೇ ಮಾಡಿರೋದು. ಟೋಲ್ ದುಬಾರಿ ನಿಜ, ಆದ್ರೆ ಪಾರ್ಕಿಂಗಲ್ಲಿ ಇಳಿದು ನಾಲ್ಕು ಹೆಜ್ಜೆ ಇಟ್ರೆ ಪಾಸ್ಟರ್ಜೆ ಹಿಮನದಿ ಎದುರಿಗೇ ಕಾಣುತ್ತೆ, ಮಂಡಿನೋವು ಇರೋರಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ನಮ್ಮತ್ತೆನ ಕರ್ಕೊಂಡೋಗಿದ್ದೆ, ಗೋಡೆ ಮೇಲೆ ಕೈ ಇಟ್ಕೊಂಡು ಒಂದು ಗಂಟೆ ಕೂತಿದ್ರು. ಇಟಲಿ ಸ್ಟೆಲ್ವಿಯೋ ಫೋಟೋ ನೋಡಿ ಮನಸ್ಸು ಬದಲಾಯ್ಸಿ ಅಲ್ಲಿಗೆ ಮಾತ್ರ ಹೋಗ್ಬೇಡಿ, 2757 ಮೀಟರ್, ಪ್ರಾಟೋ ಕಡೆಯಿಂದ 48 ತಿರುವು ಒಂದರ ಮೇಲೊಂದು, ಅಮ್ಮಂಗೆ ಆಗಲ್ಲ.

ಕೊಪ್ಪದ_ಹುಡುಗಿ:

ಥ್ಯಾಂಕ್ಸ್ ಸರ್. ಗ್ರೋಸ್‌ಗ್ಲಾಕ್ನರ್ ಸ್ಟುಟ್‌ಗಾರ್ಟಿಂದ ತುಂಬಾ ದೂರ ಆಗುತ್ತೆ, ಮತ್ತೆ ಅಪ್ಪ ಪಾಠ ಮಾಡಿದ್ದು ರೋನ್ ಹೆಸರು ಹೇಳಿ, ಅವ್ರಿಗೆ ಅದೇ ನೋಡ್ಬೇಕು. ಬಾಸೆಲ್ ಸರ್, ದಿಕ್ಕಿನ ವಿಷ್ಯ ನಂಗೆ ಗೊತ್ತೇ ಇರ್ಲಿಲ್ಲ, ಅದೊಂದು ಓದಿ ಅರ್ಧ ಭಯ ಹೋಯ್ತು. ಕಿರಿದಾದ ಜಾಗದಲ್ಲಿ ಎದುರಿಗೆ ಬಸ್ ಬಂದ್ರೆ ಏನ್ಮಾಡೋದು? ಆಮೇಲೆ ಗ್ರಿಮ್ಸೆಲ್ ಇಳಿಯುವಾಗ ಆಟೋಮ್ಯಾಟಿಕ್‌ನಲ್ಲಿ ಬ್ರೇಕ್ ಹಿಡ್ಕೊಂಡೇ ಬರೋದಾ?

ಧಾರವಾಡ_ಟು_ಬರ್ನ್:

ಅಕ್ಕಾರ, ಬ್ರೇಕ್ ಹಿಡ್ಕೊಂಡ ಇಳಿಬ್ಯಾಡ್ರಿ, ಇದನ್ನ ನಾ ಅನುಭವದಿಂದ ಹೇಳಾಕತ್ತೀನಿ. ಹೋದ ವರ್ಷ ಆಗಸ್ಟ್‌ನ್ಯಾಗ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಗ್ರಿಮ್ಸೆಲ್ ಇಳಿಯಾಕತ್ತಿದ್ದೆ. ಮ್ಯಾಲೆ 2164 ಮೀಟರ್, ಕೆಳಗ ಇನ್ನರ್ಟ್‌ಕಿರ್ಚೆನ್ 625, ಅಂದ್ರ 1500 ಮೀಟರ್ ಇಳುವು, ಅದೂ ಬರೇ 26 ಕಿಮೀ ಆಸುಪಾಸಿನ್ಯಾಗ. ಗೇರ್ ಡಿ ಒಳಗ ಇಟ್ಟು ಕಾಲು ಬ್ರೇಕ್ ಮ್ಯಾಲೆ ಇಟ್ಕೊಂಡ ಬಂದೆ, ಮಕ್ಕಳು ಡ್ಯಾಮ್ ನೋಡಾಕತ್ತಿದ್ರು, ನಾನೂ ಮಾತಾಡ್ಕೋತ ಹೊಂಟಿದ್ದೆ. ಅರ್ಧ ದಾರಿ ಆದಮ್ಯಾಲೆ ಸುಟ್ಟ ವಾಸನಿ, ಹಳೆ ವೈರ್ ಸುಟ್ಟಂಗ. ಮುಂದಿನ ತಿರುವಿನ್ಯಾಗ ಬ್ರೇಕ್ ಒತ್ತಿದ್ರ ಪೆಡಲ್ ಮೆತ್ತಗಾಗಿ ಇನ್ನಷ್ಟು ಕೆಳಗ ಹೋತು. ಎದಿ ಧಸಕ್ಕಂತು ನೋಡ್ರಿ. ಸೆಕೆಂಡ್ ಗೇರಿಗೆ ತಂದು ಹ್ಯಾಂಗೋ ಪಾರ್ಕಿಂಗ್ ಜಾಗಕ್ಕ ತಂದು ನಿಲ್ಲಿಸಿದೆ, ಮುಂದಿನ ಗಾಲಿಯಿಂದ ಹೊಗಿ ಬರಾಕತ್ತಿತ್ತು. ಮುಕ್ಕಾಲು ತಾಸು ಅಲ್ಲೇ ಕುಂತ್ವಿ. ನೀರು ಸುರಿಬ್ಯಾಡ್ರಿ ಅಂತ ಪಕ್ಕದ ಕಾರಿನ ಅಜ್ಜಾರು ಹೇಳಿದ್ರು, ಕಾದ ಡಿಸ್ಕಿಗೆ ತಣ್ಣೀರು ಬಿದ್ರ ಸೊಟ್ಟ ಆಗ್ತದ, ಬಿರುಕೂ ಬಿಡಬಹುದು.

ನಮ್ಮಪ್ಪ ಲಾರಿ ಡ್ರೈವರ್, ಅರಬೈಲ್ ಘಟ್ಟ ಇಳದು ಅಂಕೋಲಾಕ ಲೋಡ್ ಒಯ್ತಿದ್ದ. ಯಾವ ಗೇರಿನ್ಯಾಗ ಹತ್ತತೀಯೋ ಅದ ಗೇರಿನ್ಯಾಗ ಇಳಿ ಅಂತಿದ್ದ. ಆ ಮಾತು ಆಟೋಮ್ಯಾಟಿಕ್‌ಗೂ ಅಷ್ಟ ಖರೆ. ನಿಮ್ಮ ಕಾರಿನ್ಯಾಗ ಗೇರ್ ಲಿವರ್ ಪಕ್ಕ ಎಂ ಅಂತ ಇರ್ತದ, ಇಲ್ಲಾ ಸ್ಟೇರಿಂಗ್ ಹಿಂದ ಪ್ಲಸ್ ಮೈನಸ್ ಪ್ಯಾಡಲ್ ಇರ್ತಾವು, ಹೈಬ್ರಿಡ್ ಆದ್ರ ಬಿ ಅಂತ ಇರ್ತದ. ಇಳಿಯಾಕ ಶುರು ಮಾಡೂ ಮೊದ್ಲ 2 ಇಲ್ಲಾ 3ನೇ ಗೇರಿಗೆ ತರ್ರಿ, ಇಂಜಿನ್ ಗುಂಯ್ ಅಂತದ, ಅಂಜಬ್ಯಾಡ್ರಿ, ಅದ ಕಾರನ್ನ ಹಿಡ್ಕೊಂಡಿರ್ತದ. ತಿರುವು ಬರೂ ಮೊದ್ಲ ನೆಟ್ಟಗ ಇರೋ ರಸ್ತಾದಾಗ ಒಂದ್ಸಲ ಗಟ್ಟಿ ಬ್ರೇಕ್ ಒತ್ತಿ ಬಿಟ್ಟಬಿಡ್ರಿ, ಸವರಿಕೋತ ಬರಬ್ಯಾಡ್ರಿ. ಒತ್ತಿ ಬಿಟ್ರ ಪ್ಯಾಡ್ ನಡುವ ತಣ್ಣಗಾಗ್ತದ, ಸವರಿಕೋತ ಬಂದ್ರ ಆಗೂದಿಲ್ಲ. ಬಾಡಿಗಿ ಕಾರು ತಗೊಂಡ ದಿನಾನ ಖಾಲಿ ರಸ್ತಾದಾಗ ಈ ಗೇರ್ ಬದಲಿ ಮಾಡೂದು ಹತ್ತು ಸಲ ಮಾಡಿ ನೋಡ್ರಿ, ಪಾಸ್ ಮ್ಯಾಲೆ ಹೋಗಿ ಬಟನ್ ಹುಡುಕೂದು ಬ್ಯಾಡ.

ಬಾಸೆಲ್_ಹಾಸನ:

ಧಾರವಾಡದವ್ರು ಹೇಳಿದ್ದನ್ನ ದಯವಿಟ್ಟು ಎರಡು ಸಲ ಓದಿ. ಬಸ್ ವಿಷ್ಯ ಹೇಳ್ತೀನಿ. ನೀಲಿ ಬೋರ್ಡ್ ಮೇಲೆ ಹಳದಿ ಕೊಂಬಿನ ಗುರುತು ಕಂಡ್ರೆ ಅದು ಪೋಸ್ಟ್ ಬಸ್, ಅಂದ್ರೆ ಅಂಚೆಯವ್ರ ಹಳದಿ ಬಸ್, ಓಡೋ ಬೆಟ್ಟದ ರಸ್ತೆ ಅಂತ ಅರ್ಥ, ಅಲ್ಲಿ ಹಳದಿ ಬಸ್ಸಿಗೇ ಮೊದಲ ಹಕ್ಕು, ಅದರ ಡ್ರೈವರ್ ಹಿಂದೆ ಹೋಗು ಅಂದ್ರೆ ಹಿಂದೆ ಹೋಗ್ಬೇಕು, ನಿಲ್ಲು ಅಂದ್ರೆ ನಿಲ್ಬೇಕು, ಕಾನೂನೇ ಹಾಗಿದೆ. ಅವ್ರು ಕಾಣದ ತಿರುವಿಗೆ ಬರೋ ಮುಂಚೆ ಮೂರು ಸ್ವರದ ಹಾರನ್ ಹೊಡೀತಾರೆ, ಅದಕ್ಕೇ ಹತ್ತುವಾಗ ಹಾಡು ಹಾಕ್ಬೇಡಿ, ಕಿಟಕಿ ಎರಡು ಬೆರಳು ಇಳಿಸಿಡಿ. ಬೇರೆ ಕಾರು ಎದುರಾದ್ರೆ ನಮ್ಮೂರಿನ ನಿಯಮಾನೇ ಇಲ್ಲೂ, ಹತ್ತೋ ಗಾಡಿಗೆ ಇಳಿಯೋ ಗಾಡಿ ದಾರಿ ಬಿಡ್ಬೇಕು. ಆದ್ರೆ ಜಾಗ ನಿಮ್ಮ ಹಿಂದೇನೇ ಇದ್ರೆ ನೀವೇ ಬಿಟ್ಬಿಡಿ.

ಹಿಂದೆ ನಾಲ್ಕು ಕಾರು ಬೈಕು ಅಂಟ್ಕೊಂಡ್ರೆ ಗಾಬರಿ ಆಗಿ ಸ್ಪೀಡ್ ಮಾಡೋದು ಬೇಡ, ಪಕ್ಕದಲ್ಲಿ ಜಾಗ ಸಿಕ್ಕಾಗ ಇಂಡಿಕೇಟರ್ ಹಾಕಿ ನಿಂತು ಅವ್ರನ್ನ ಕಳ್ಸಿಬಿಡಿ, ಕೈ ಎತ್ತಿ ಥ್ಯಾಂಕ್ಸ್ ಹೇಳ್ಕೊಂಡು ಹೋಗ್ತಾರೆ. ಬೋರ್ಡ್ ಮೇಲೆ 80 ಅಂತಿದ್ರೂ ಅದು ಗರಿಷ್ಠ, ನೀವು 35ರಲ್ಲಿ ಹೋದ್ರೂ ತಪ್ಪಲ್ಲ. ಶನಿವಾರ ಭಾನುವಾರ ಬೇಡವೇ ಬೇಡ, ಬೈಕಿನವ್ರು ಸೈಕಲ್ಲಿನವ್ರು ತುಂಬಿರ್ತಾರೆ, ಗೊಟ್ಥಾರ್ಡ್ ಕಡೆ ಬೇಸಿಗೆ ರಜೆಯ ಟ್ರಾಫಿಕ್ಕೂ ಸೇರುತ್ತೆ. ಮಂಗಳವಾರ ಬುಧವಾರ ನೋಡಿ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರೋದು ಜಾಸ್ತಿ, 1 ಗಂಟೆ ಒಳಗೆ ಫುರ್ಕಾ ಮುಗ್ಸಿ. ರಸ್ತೇಲಿ ಏನಾದ್ರೂ ಕೆಟ್ರೆ 140, ಆಂಬುಲೆನ್ಸ್ 144, ಫೋನಲ್ಲಿ ಸೇವ್ ಮಾಡ್ಕೊಳ್ಳಿ.

ಇನ್ನೊಂದು ಮಾತು, ಅಪ್ಪಂಗೆ ಮೊದ್ಲೇ ಹೇಳಿಟ್ಟಿರಿ. ಹಳೇ ಫೋಟೋಗಳಲ್ಲಿ ಬೆಲ್ವೆಡೇರ್ ಹೋಟೆಲ್ ಪಕ್ಕದಲ್ಲೇ ಮಂಜುಗಡ್ಡೆ ಗೋಡೆ ಥರ ನಿಂತಿರುತ್ತೆ, ಈಗ ಹಾಗಿಲ್ಲ. 19ನೇ ಶತಮಾನದಲ್ಲಿ ರೋನ್ ಹಿಮನದಿ ಕೆಳಗೆ ಗ್ಲೆಚ್ ಬಯಲಿನವರೆಗೂ ಇಳಿದಿತ್ತು, ಈಗ ಮೇಲಕ್ಕೆ ಸರಿದು ಮುಂದೆ ಒಂದು ಕೆರೆನೇ ಆಗಿದೆ. ಹೋಟೆಲ್ ಕೂಡ ಮುಚ್ಚಿ ಕೆಲವು ವರ್ಷ ಆಯ್ತು. ಕರಗೋದು ಕಮ್ಮಿ ಆಗ್ಲಿ ಅಂತ ಬೇಸಿಗೇಲಿ ಮಂಜಿನ ಅಂಚಿಗೆ ಬಿಳಿ ಬಟ್ಟೆ ಹೊದಿಸ್ತಾರೆ. ಹತ್ರ ನೋಡಕ್ಕೆ ರಸ್ತೆಯಿಂದ ಸ್ವಲ್ಪ ನಡೀಬೇಕು, ಕೋಲು ಇಟ್ಕೊಳ್ಳಿ.

ಜ್ಯೂರಿಕ್_ಅಕ್ಕ:

ನಾನು ನರ್ಸ್, ಅಮ್ಮನ ವಿಷ್ಯ ಮಾತ್ರ ಹೇಳ್ತೀನಿ. ಅವ್ರನ್ನ ಮುಂದಿನ ಸೀಟಲ್ಲೇ ಕೂರ್ಸಿ, ಹಿಂದೆ ಬೇಡ. ಕಣ್ಣು ಮುಚ್ಕೊಂಡ್ರೆ ಸರಿ ಹೋಗುತ್ತೆ ಅಂತ ಕೆಲವ್ರಿಗೆ ಅನ್ಸುತ್ತೆ, ಆದ್ರೆ ತುಂಬಾ ಜನಕ್ಕೆ ದೂರದ ಬೆಟ್ಟ ನೋಡ್ತಾ ಕೂತ್ರೇ ಕಮ್ಮಿ ಆಗೋದು, ಯಾಕಂದ್ರೆ ಒಳಗಿವಿಗೆ ಗಾಡಿ ತಿರುಗಿದ್ದು ಗೊತ್ತಾಗಿ ಕಣ್ಣಿಗೆ ಗೊತ್ತಾಗ್ದೇ ಇದ್ದಾಗ್ಲೇ ಹೊಟ್ಟೆ ತೊಳಸೋದು. ಖಾಲಿ ಹೊಟ್ಟೇಲಿ ಕರ್ಕೊಂಡು ಹೋಗ್ಬೇಡಿ, ಇಡ್ಲಿ, ಒಣ ಬ್ರೆಡ್ ಇಂಥದ್ದು ಕೊಡಿ, ಹಾಲು ಎಣ್ಣೆ ಬೇಡ. ವಾಂತಿ ಮಾತ್ರೆ ಕೊಡೋದಾದ್ರೆ ಊರಿನ ಡಾಕ್ಟರ್ ಹತ್ರ ಕೇಳಿ ತರಕ್ಕೆ ಹೇಳಿ, ಬಿಪಿ ಮಾತ್ರೆ ಅದೂ ಇದೂ ತಗೋತಿದ್ರೆ ಅದನ್ನೂ ಹೇಳ್ಬೇಕು, ಹೊರಡೋಕೆ ಮುಂಚೆನೇ ತಗೋಬೇಕು, ಶುರುವಾದ್ಮೇಲೆ ತಗೊಂಡ್ರೆ ಉಪಯೋಗ ಇಲ್ಲ, ನಿದ್ದೆ ಬರುತ್ತೆ ಅಂತನೂ ಗೊತ್ತಿರ್ಲಿ. ನಿಂಬೆಹಣ್ಣು ಇರ್ಲಿ, ಅದರಿಂದ ಅವ್ರಿಗೆ ಧೈರ್ಯ ಬರುತ್ತೆ ಅಂದ್ರೆ ಅದೇ ಔಷಧಿ.

ರಿಯಾಲ್ಪ್‌ಗೆ ಬಂದಾಗ ಅಮ್ಮನ್ನ ಕೇಳಿ. ಆಗಲ್ಲ ಅಂದ್ರೆ ಅಲ್ಲಿಂದ್ಲೇ ಕಾರನ್ನ ರೈಲಿಗೆ ಹತ್ಸಿ ಸುರಂಗದಲ್ಲಿ ಓಬರ್‌ವಾಲ್ಡ್‌ಗೆ ಹೋಗ್ಬೋದು, ಕಾರಲ್ಲೇ ಕೂತಿರ್ತೀರ. 15.4 ಕಿಮೀ ಸುರಂಗ, 1982ರಲ್ಲಿ ಶುರುವಾಗಿದ್ದು. ಓಬರ್‌ವಾಲ್ಡಿಂದ ಗ್ಲೆಚ್ ಸ್ವಲ್ಪನೇ ದೂರ. ಹೀಗೊಂದು ದಾರಿ ಇದೆ ಅಂತ ಅವ್ರಿಗೆ ಮೊದ್ಲೇ ಹೇಳಿದ್ರೆ ಅರ್ಧ ಸಂಕಟ ಅಲ್ಲೇ ಇಳಿಯುತ್ತೆ.

ಕೊಪ್ಪದ_ಹುಡುಗಿ:

ಎಲ್ರಿಗೂ ನಮಸ್ಕಾರ, ಹೋಗಿ ಬಂದ್ವಿ, ನಿನ್ನೆ ರಾತ್ರಿ ಮನೆ ತಲುಪಿದ್ವಿ. ಬರೀಲೇಬೇಕು ಅನ್ನಿಸ್ತು.

ಮಂಗಳವಾರ ಹೋದ್ವಿ, 7ಕ್ಕೆ ಲುಟ್ಸರ್ನ್ ಬಿಟ್ವಿ. ರಿಯಾಲ್ಪ್‌ನಲ್ಲಿ ನಿಲ್ಸಿ ಅಮ್ಮನ್ನ ಕೇಳ್ದೆ, ರೈಲಾ ರಸ್ತೆನಾ ಅಂತ. ಅಮ್ಮ ಒಂದು ನಿಮಿಷ ಬೆಟ್ಟ ನೋಡಿದ್ರು, ಆಮೇಲೆ ನಿಮ್ಮಪ್ಪ ಅಷ್ಟು ದೂರದಿಂದ ಬಂದಿರೋದು ಸುರಂಗ ನೋಡಕ್ಕಲ್ಲ, ನೀ ನಿಧಾನ ಹೋಗು ಅಂದ್ರು. ಮೊದಲ ಎರಡು ತಿರುವು ನನ್ನ ಅಂಗೈ ಬೆವರಿ ಸ್ಟೇರಿಂಗ್ ಜಾರ್ತಿತ್ತು, ಸುಳ್ಳು ಹೇಳಲ್ಲ. ಆದ್ರೆ ಬಾಸೆಲ್ ಸರ್ ಹೇಳಿದ್ದು ಅಕ್ಷರಶಃ ನಿಜ, ನನ್ನ ಪಕ್ಕ ಹುಲ್ಲು ಬಂಡೆ, ಕಣಿವೆ ಆಚೆ ಕಡೆ. ಟೀಫೆನ್‌ಬಾಖ್ ದಾಟಿದ್ಮೇಲೆ ಒಂದು ತಿರುವಿಗೆ ಮುಂಚೆ ಆ ಮೂರು ಸ್ವರ ಕೇಳ್ತು, ತಕ್ಷಣ ಪಕ್ಕಕ್ಕೆ ತಂದು ನಿಲ್ಸಿದೆ. ಹಳದಿ ಬಸ್ ಬಂತು, ಡ್ರೈವರ್ ಕಿಟಕಿಯಿಂದ ಕೈ ಹಾಕಿ ಇನ್ನೂ ಸ್ವಲ್ಪ ಹಿಂದೆ, ಇನ್ನೂ ಸ್ವಲ್ಪ ಅಂತ ತೋರ್ಸಿದ್ರು, ಗೇಣು ಜಾಗ ಬಿಟ್ಟು ಬಸ್ ದಾಟಿ ಹೋಯ್ತು, ಕನ್ನಡಿಗೆ ಕನ್ನಡಿ ತಾಗಿತೇನೋ ಅನ್ನಿಸ್ತು, ತಾಗ್ಲಿಲ್ಲ. ಅಷ್ಟೂ ಹೊತ್ತು ಅಮ್ಮ ಕಣ್ಣು ಬಿಟ್ಕೊಂಡೇ ಇದ್ರು. ನಿಂಬೆಹಣ್ಣು ಕೈಲಿತ್ತು, ಮೂಸಿದ್ದು ಎರಡೇ ಸಲ. ಜ್ಯೂರಿಕ್ ಅಕ್ಕ, ದೂರ ನೋಡು ಅಂತ ನೀವು ಹೇಳಿದ್ದನ್ನ ಅಮ್ಮ ಮಂತ್ರದ ಥರ ಹೇಳ್ಕೋತಿದ್ರು.

ಗ್ರಿಮ್ಸೆಲ್ ಇಳಿಯುವಾಗ ಎಂ ಹಾಕಿ 2ನೇ ಗೇರು, ಧಾರವಾಡದ ಅಣ್ಣಾರೆ, ಇನ್ನರ್ಟ್‌ಕಿರ್ಚೆನ್‌ನಲ್ಲಿ ಇಳಿದು ತಮ್ಮ ಗಾಲಿ ಹತ್ರ ಬಗ್ಗಿ ಮೂಗು ಇಟ್ಟು ನೋಡ್ದ, ಏನೂ ವಾಸನೆ ಇರ್ಲಿಲ್ಲ. ನಿಮ್ಮ ಅಪ್ಪನ ಮಾತನ್ನ ನಮ್ಮಪ್ಪಂಗೂ ಹೇಳಿದೀನಿ.

ಅಪ್ಪನ ವಿಷ್ಯ. ಹಿಮನದಿ ಹತ್ರ ಕೋಲು ಊರ್ಕೊಂಡು ನಿಧಾನ ನಡ್ದು ಬಂದ್ರು, ಬಿಳಿ ಬಟ್ಟೆ ನೋಡಿ ಏನೂ ಮಾತಾಡ್ಲಿಲ್ಲ, ತುಂಬಾ ಹೊತ್ತು ಸುಮ್ನೆ ನಿಂತಿದ್ರು. ನಾವು ಪಾಠ ಮಾಡ್ತಿದ್ದ ಪುಸ್ತಕದಲ್ಲಿ ಇದು ಇಷ್ಟು ಚಿಕ್ಕದಾಗಿರ್ಲಿಲ್ಲ ಮಗಳೇ ಅಂದ್ರು. ನೀರು ತೊಟ್ಟಿಕ್ಕೋ ಸದ್ದು ಬಿಟ್ರೆ ಏನಿಲ್ಲ. ಅವ್ರಿಗೆ ಬೇಜಾರಾಯ್ತೇನೋ ಅಂತ ನಂಗೆ ಸಂಕಟ ಆಗ್ತಿತ್ತು. ಆಮೇಲೆ ಗ್ರಿಮ್ಸೆಲ್ ದಾಟಿ ಡ್ಯಾಮ್‌ಗಳ ಕೆಳಗೆ ಒಂದು ಕಡೆ ನಿಲ್ಸಿದ್ವಿ, ಅಲ್ಲಿ ಗ್ರಾನೈಟ್ ಬಂಡೆ ಮನೆ ಗೋಡೆಯಷ್ಟು ಅಗಲ, ಪಾಲಿಶ್ ಮಾಡ್ದಂಗೆ ನುಣುಪು. ಅಪ್ಪ ಕಾರಿಂದ ಇಳಿದು ಹೋಗಿ ಅದರ ಮೇಲೆ ಅಂಗೈ ಇಟ್ಟು ಸವರಿ, ಬಾ ಇಲ್ಲಿ ಅಂತ ತಮ್ಮನ್ನ ಕರೆದ್ರು. ಸಣ್ಣ ಸಣ್ಣ ಗೆರೆ ಎಲ್ಲಾ ಒಂದೇ ದಿಕ್ಕಿಗೆ. ಹಿಮನದಿ ತಳದಲ್ಲಿ ಕಲ್ಲು ಸಿಕ್ಕಾಕ್ಕೊಂಡಿರುತ್ತೆ, ಅದು ಸರೀತಾ ಬಂಡೇನ ಉಜ್ಜಿದ ಗುರುತು ಇದು, ನೋಡು, ಈ ಕಡೆಯಿಂದ ಈ ಕಡೆಗೆ ಹೋಗಿದೆ ಅಂತ ಬೆರಳಲ್ಲಿ ತೋರ್ಸಿದ್ರು. ನಂಗೂ ತೋರ್ಸಿದ್ರು, ಅಮ್ಮಂಗೂ ಕರೆದು ತೋರ್ಸಿದ್ರು. ಪಕ್ಕದಲ್ಲಿ ಸೈಕಲ್ ನಿಲ್ಸಿದ್ದ ಒಬ್ಬ ಹುಡುಗನೂ ಬಂದು ನಿಂತ, ಅವನಿಗೆ ಕನ್ನಡ ಬರಲ್ಲ, ಅಪ್ಪಂಗೆ ಜರ್ಮನ್ ಬರಲ್ಲ, ಅಪ್ಪ ಅವನ ಕೈ ಹಿಡಿದು ಗೆರೆ ಮೇಲೆ ಇಡ್ಸಿದ್ರು.